ಮಾರ್ಗರೆಟ್ ಸೇಲ್ ಹೆಸರಿನ ಕೋಣೆಗೆ ಮೊದಲು ಸೋರದ ಸೂರು ಬೇಕು: ದೇಣಿಗೆ ಮನವಿ

ಇಂಗ್ಲೆಂಡಿನಲ್ಲಿರುವ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಸುದ್ದಿ ಆಗಲೇ ಕೆಲವರ ಕಿವಿಗೆ ಬಿದ್ದಿರಬಹುದು. ಮೊನ್ನೆಯ ಮಳೆಗೆ ನಮ್ಮ ಹಳೆ ಕಂಪ್ಯೂಟರ್ ಸಂಗ್ರಹದ ಹಿಂದಿನ ಕೋಣೆ ಸೋರಿದೆ. ಸುಮ್ನೆ ನಾಲ್ಕು ಹನಿ ಅಲ್ಲ, ಗೋಡೆಗುಂಟ ನೀರು ಇಳಿದು ಕೆಳಗಿನ ಕಪಾಟುಗಳೆಲ್ಲ ನೆಂದಿವೆ. ಪೇಪರ್ ಟೇಪಿನ (ತೂತು ಹೊಡೆದು ಮಾಹಿತಿ ಇಡುತ್ತಿದ್ದ ಕಾಗದದ ಪಟ್ಟಿಯ) ಸುರುಳಿಗಳು ಊದಿಕೊಂಡು ಸುತ್ತಿಗೆ ಸುತ್ತು ಅಂಟಿವೆ. ಬಿಡಿಸಲು ಹೋದರೆ ತೂತಿನ ಸಾಲಿನಲ್ಲೇ ಹರಿಯುತ್ತವೆ. ವಾಲ್ವ್‌ಗಳ (ಹಳೆ ಯಂತ್ರಗಳ ಗಾಜಿನ ಎಲೆಕ್ಟ್ರಾನಿಕ್ ಕೊಳವೆಗಳ) ಪಿನ್‌ಗಳಿಗೆ ಕಿಲುಬು ಹಿಡಿಯಲು ಶುರುವಾಗಿದೆ. ನಮ್ಮ ಹಿರಿಯ ಸ್ವಯಂಸೇವಕರು, ಎಪ್ಪತ್ತು ದಾಟಿದವರು, ಕೋಟು ಬಿಚ್ಚದೆ ಆ ಚಳಿಯಲ್ಲೇ ಕೂತು ಒಂದೊಂದನ್ನೇ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ.

ಇದೇ ಕೋಣೆಗೆ ಮಾರ್ಗರೆಟ್ ಸೇಲ್ ಅವರ ಹೆಸರಿಡಬೇಕು ಅಂತ ಹೋದ ಸಭೆಯಲ್ಲಿ ನೀವೆಲ್ಲ ಕೈಯೆತ್ತಿ ಒಪ್ಪಿದ್ದಿರಿ. ಯಾಕೆ ಆ ಹೆಸರು ಅಂತ ಆಮೇಲೆ ಸೇರಿದವರು ಕೇಳುತ್ತಿದ್ದಾರೆ, ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಲೊರೆಂಜ್ ಯಂತ್ರದ ಗುಪ್ತಸಂದೇಶಗಳನ್ನು ಬಿಡಿಸಲು ಇಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಯಂತ್ರ ಕೊಲೋಸಸ್. 1944ರಲ್ಲಿ, ಬ್ರಿಟನ್ನಿನ ಗುಪ್ತಸಂದೇಶ ಬಿಡಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ಶುರು ಮಾಡಿತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. ಫ್ಲವರ್ಸ್ ಅದಕ್ಕೆ ತಮ್ಮ ಸ್ವಂತ ದುಡ್ಡನ್ನೂ ಹಾಕಿದ್ದರು, ಆದರೆ ಅದೇನು ಕೆಲಸ ಅಂತ ಹೆಂಡತಿಗೂ ಹೇಳುವ ಹಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಹೆಚ್ಚಿನ ಕೊಲೋಸಸ್ ಯಂತ್ರಗಳನ್ನು ಬಿಚ್ಚಿಹಾಕಿದರು, ನಕ್ಷೆಗಳನ್ನು ಸುಟ್ಟರು.

ಅದನ್ನು ಮತ್ತೆ ಕಟ್ಟುತ್ತೇನೆ ಅಂತ 1993ರಲ್ಲಿ ಹೊರಟವರು ಮಾರ್ಗರೆಟ್ ಅವರ ಗಂಡ ಟೋನಿ ಸೇಲ್. ಕೈಯಲ್ಲಿದ್ದದ್ದು 1945ರ ಕೆಲವೇ ಫೋಟೋ, ಹಳೆ ಇಂಜಿನಿಯರ್‌ಗಳು ಗುಟ್ಟಾಗಿ ಇಟ್ಟುಕೊಂಡಿದ್ದ ಒಂದಿಷ್ಟು ಸರ್ಕ್ಯೂಟ್ ಚಿತ್ರ. ಬೇಕಾಗಿದ್ದದ್ದು ಸುಮಾರು 2,500 ವಾಲ್ವ್. ದುಡ್ಡು ಕೊಡುವ ಕಂಪನಿ ಒಂದೂ ಸಿಗಲಿಲ್ಲ. ಆಗ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ಮನೆಯ ದುಡ್ಡು ಹಾಕಿಯೇ ಶುರು ಮಾಡಿಬಿಟ್ಟರು. ಎಂಥ ನಿರ್ಧಾರ ಅಲ್ವಾ? ಮಾರ್ಗರೆಟ್ ಬೇಡ ಅಂದಿದ್ದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು ಅಂತಲೇ ನನ್ನ ನಂಬಿಕೆ. ಅಷ್ಟೇ ಅಲ್ಲ, ಅದಕ್ಕೂ ಮೊದಲು, 1990ರ ದಶಕದ ಶುರುವಿನಲ್ಲಿ ಬ್ಲೆಚ್ಲಿ ಪಾರ್ಕನ್ನೇ ಕೆಡವುವ ಮಾತು ಬಂದಾಗ ಅದನ್ನು ಉಳಿಸಲು ಓಡಾಡಿದ ಸಣ್ಣ ಗುಂಪಿನಲ್ಲೂ ಇಬ್ಬರೂ ಇದ್ದರು. 1996ರ ಜೂನ್ 6ರಂದು ಡ್ಯೂಕ್ ಆಫ್ ಕೆಂಟ್ ಸ್ವಿಚ್ ಹಾಕಿದಾಗ ಫ್ಲವರ್ಸ್ ಅಲ್ಲೇ ನಿಂತು ನೋಡಿದರು. ಪೂರ್ತಿ ಮುಗಿದದ್ದು 2007ರಲ್ಲಿ. ಟೋನಿ 2011ರಲ್ಲಿ ತೀರಿಕೊಂಡರು. ಅವರ ಹೆಸರು ಎಲ್ಲ ಕಡೆ ಇದೆ, ಇರಲೇಬೇಕು. ಮಾರ್ಗರೆಟ್ ಹೆಸರು ನಮ್ಮ ಬಾಗಿಲ ಮೇಲಾದರೂ ಇರಲಿ.

ನಮ್ಮ ಟ್ರಸ್ಟ್ ಏನು ಮಾಡಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಹೆಮ್ಮೆಯಿಂದ ಹೇಳುತ್ತೇನೆ: ಎಸೆಯಲು ಇಟ್ಟಿದ್ದ ಬಿಬಿಸಿ ಮೈಕ್ರೋ ಎಂಬ ಹಳೆ ಶಾಲಾ ಕಂಪ್ಯೂಟರುಗಳನ್ನು ತಂದು, ಕೆಪಾಸಿಟರ್ ಬದಲಾಯಿಸಿ, ಮಕ್ಕಳ ಕೈಗೆ ಕೊಟ್ಟವರು ನಾವು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳೂ ಶನಿವಾರ ಬಂದು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಪರದೆ ಮೇಲೆ ತಮ್ಮ ಹೆಸರು ಓಡುವುದನ್ನು ನೋಡಿ ಕುಣಿಯುತ್ತಾರೆ. ಒಬ್ಬ ಹುಡುಗಿ ಬೆಸುಗೆ ಹಾಕುವುದನ್ನು ಇಲ್ಲೇ ಕಲಿತು ಈಗ ಚಿಕ್ಕವರಿಗೆ ಹೇಳಿಕೊಡುತ್ತಿದ್ದಾಳೆ. ಸೋರಿಕೆಯಿಂದಾಗಿ ಎರಡು ಶನಿವಾರದಿಂದ ತರಗತಿ ನಿಂತಿದೆ. ವಿದ್ಯುತ್ ಇರುವ ಒದ್ದೆ ಕೋಣೆಗೆ ಮಕ್ಕಳನ್ನು ಬಿಡುವುದು ಹೇಗೆ?

ಈಗ ಖರ್ಚಿನ ವಿಷಯ. ಸೂರಿನ ಒಂದು ಬದಿ ಪೂರ್ತಿ ಬಿಚ್ಚಿ ಹೊಸದು ಹಾಕಬೇಕು, ತೇವ ಎಳೆಯುವ ಒಂದು ಯಂತ್ರ ಬೇಕು. ಎಲ್ಲ ಸೇರಿ 18,000 ಪೌಂಡ್ ಹತ್ತಿರ ಆಗಬಹುದು, ಸ್ವಲ್ಪ ಜಾಸ್ತಿಯೂ ಆದೀತು. ಬಿಲ್ಡರ್ ಕೊಟ್ಟ ಎಸ್ಟಿಮೇಟ್ ಈ ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಅವರು ಬೇರೆ ಕೆಲಸ ಹಿಡಿದರೆ ನಮ್ಮ ಸರದಿ ಚಳಿಗಾಲ ಕಳೆದ ಮೇಲೇ. ಅಲ್ಲಿಯವರೆಗೆ ಟಾರ್ಪಾಲಿನ್ ತಡೆಯುವುದಿಲ್ಲ.

ಇಲ್ಲಿ ತೆರಿಗೆ ಕಟ್ಟುವವರು ದಯವಿಟ್ಟು ಗಿಫ್ಟ್ ಏಡ್ ಫಾರಂಗೆ ಸಹಿ ಹಾಕಿ. ನೀವು 100 ಪೌಂಡ್ ಕೊಟ್ಟರೆ ಸರ್ಕಾರದಿಂದ ಇನ್ನೂ 25 ನಮಗೆ ಬರುತ್ತದೆ, ನಿಮಗೆ ಒಂದು ಪೆನ್ನಿಯೂ ಹೆಚ್ಚಿಗೆ ಬೀಳುವುದಿಲ್ಲ. ಬ್ಯಾಂಕ್ ವಿವರ ನಿಮ್ಮ ಹಳೆ ರಸೀದಿಯಲ್ಲೇ ಇದೆ. ಕಳಿಸುವಾಗ ‘ಮಾರ್ಗರೆಟ್’ ಅಂತ ಒಂದು ಪದ ಹಾಕಿ, ಲೆಕ್ಕ ಬೇರೆ ಇಡಲು ಅನುಕೂಲ. ಹತ್ತು ಪೌಂಡ್ ಆದರೂ ಸಂಕೋಚ ಬೇಡ. ಈ ಶನಿವಾರ ಬಿಡುವಿದ್ದವರು ಒಣ ಬಟ್ಟೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬನ್ನಿ, ಟೇಪುಗಳನ್ನು ಸಾಗಿಸುವುದಿದೆ.

ಟ್ರಸ್ಟಿಗಳ ಪರವಾಗಿ, ನಿಮ್ಮ ಕಾರ್ಯದರ್ಶಿ