ತಂಡ ಎಲ್ಲಿದೆ?

ಸಂಪಾದಕರೇ,

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದವರ ಪುನರ್ವಸತಿ ವಿಭಾಗದ ಉದ್ಘಾಟನೆಯ ವರದಿಯನ್ನು ಬುಧವಾರ ನಿಮ್ಮ ಪತ್ರಿಕೆಯಲ್ಲಿ ಓದಿ, ಅದನ್ನು ನಂಬಿ, ನಿನ್ನೆ ನನ್ನ ತಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ‘ಒಂದೇ ಸೂರಿನಡಿ ತಜ್ಞರ ತಂಡ’ ಎಂದಿತ್ತು. ಸೂರು ಇದೆ, ಸುಳ್ಳಲ್ಲ. ಮನಃಶಾಸ್ತ್ರಜ್ಞರು ರಜೆಯಲ್ಲಿದ್ದಾರೆ, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆ ‘ಮಂಜೂರಾಗಲಿದೆ’. ಫಿಸಿಯೋಥೆರಪಿಯವರು ತಮ್ಮನನ್ನು ನಾಲ್ಕು ಹೆಜ್ಜೆ ನಡೆಸಿ, "ಕೈಕಾಲು ಸರಿಯಿದೆಯಲ್ಲ, ಇನ್ನೇನು?" ಎಂದರು.

ಇನ್ನೇನು ಎಂದರೆ, ಅವನು ಎಲೆಕ್ಟ್ರಿಷಿಯನ್. ಪೆಟ್ಟಾದ ಮೇಲೆ ಮೇನ್ ಸ್ವಿಚ್ ಆರಿಸದೆ ತಂತಿಗೆ ಕೈ ಹಾಕುತ್ತಾನೆ. ಒಂದು ಕೆಲಸದ ನಡುವೆ ಇನ್ನೊಂದನ್ನು ಹಿಡಿದು ಎರಡನ್ನೂ ಮರೆಯುತ್ತಾನೆ. ಮೂವತ್ತೈದರ ಪ್ರಾಯ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಅವನು ಯಾವಾಗ, ಯಾವ ಕೆಲಸಕ್ಕೆ ಮರಳಬಹುದು ಎಂಬುದನ್ನು ವೈದ್ಯರು, ಮಾತಿನ ಚಿಕಿತ್ಸಕರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಒಟ್ಟಿಗೆ ಕುಳಿತು ಹೇಳಬೇಕು. ತಂಡ ಇರುವುದೇ ಅದಕ್ಕಲ್ಲವೇ?

ಮಾತಿನ ಚಿಕಿತ್ಸೆಯವರು ಚಿತ್ರ ತೋರಿಸಿ ಹೆಸರು ಕೇಳಿದ್ದು ಮಲಯಾಳದಲ್ಲಿ. ಅಂಗಡಿ, ಬಸ್ಸಿಗೆ ಬೇಕಾದಷ್ಟು ಮಲಯಾಳ ಅವನಿಗೆ ಮೊದಲು ಬರುತ್ತಿತ್ತು; ಈಗ ಉಳಿದಿರುವುದು ಮನೆಮಾತು. ಕನ್ನಡದಲ್ಲಿ ಸರಿಯಾಗಿಯೇ ಹೇಳಿದ. ಚೀಟಿಯಲ್ಲಿ ‘ಉತ್ತರವಿಲ್ಲ’ ಎಂದು ಬಿತ್ತು! ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಕಾಯಿಲೆ ಬೀಳುವಾಗ ಮಾತ್ರ ಮಲಯಾಳದಲ್ಲೇ ಬೀಳಬೇಕೇನೋ.

ಅಂಗವೈಕಲ್ಯ ಪ್ರಮಾಣಪತ್ರದ ಕಥೆ ಬೇರೆಯೇ. 2016ರ ಅಂಗವಿಕಲರ ಕಾಯಿದೆಯ 21 ವಿಧಗಳಲ್ಲಿ ಮೆದುಳಿನ ಪೆಟ್ಟು ಪ್ರತ್ಯೇಕವಾಗಿ ಇಲ್ಲ. "ಯಾವುದಕ್ಕೆ ಸೇರಿಸಲಿ?" ಎಂದು ಗುಮಾಸ್ತರು ನನ್ನನ್ನೇ ಕೇಳುತ್ತಾರೆ. ಸರಕಾರಿ ನೌಕರನಾಗಿದ್ದರೆ ಅದೇ ಕಾಯಿದೆಯಡಿ ಕೆಲಸವಾದರೂ ಉಳಿಯುತ್ತಿತ್ತು. ದಿನಗೂಲಿಯವನಿಗೆ ಯಾರಿದ್ದಾರೆ?

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ತಲೆ ಒಡೆದರೆ ಆಂಬ್ಯುಲೆನ್ಸ್ ಇಂದಿಗೂ ಮಂಗಳೂರಿಗೇ ಓಡುತ್ತದೆ. 2020ರಲ್ಲಿ ಕೊರೊನಾ ಕಾಲದಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ನಮ್ಮ ರೋಗಿಗಳ ಪಾಡು ಏನಾಯಿತೆಂದು ನಿಮ್ಮದೇ ಪತ್ರಿಕೆ ಬರೆದಿತ್ತು. ಎಂಡೋಸಲ್ಫಾನ್ ಕೀಟನಾಶಕದ ಪೀಡಿತರನ್ನು ಅಲೆದಾಡಿಸಿ ಪಳಗಿದ ಕಚೇರಿಗಳಿಗೆ ನಾವು ಯಾವ ಲೆಕ್ಕ?

ಜಿಲ್ಲಾಡಳಿತ ಗಮನಿಸಬೇಕು, ಆರೋಗ್ಯ ಇಲಾಖೆಯೂ ಗಮನಿಸಬೇಕು. ಕನ್ನಡ ಬಲ್ಲವರನ್ನು ನೇಮಿಸಲಿ, ಇಲ್ಲವೇ ಮಂಗಳೂರಿಗೆ ಹೋಗಿಬರುವ ಖರ್ಚನ್ನಾದರೂ ಕೊಡಲಿ. ನನ್ನ ತಮ್ಮ ಬೈಕ್ ಸಮೇತ ಬಿದ್ದ ಆ ಸರ್ವಿಸ್ ರಸ್ತೆಯ ಚರಂಡಿ (ಎಲ್ಲಿಯದೆಂದು ಊರಿಗೆಲ್ಲ ಗೊತ್ತು) ಇನ್ನೂ ಬಾಯಿ ತೆರೆದೇ ಇದೆ. ಅದಕ್ಕೊಂದು ಮುಚ್ಚಳ ಹಾಕಲಿ. ಇಷ್ಟೂ ಮಾಡಲಾಗದವರು ತಿಂಗಳ ಸಂಬಳವನ್ನು ಯಾವ ಮುಖ ಹೊತ್ತು ಎಣಿಸಿಕೊಳ್ಳುತ್ತಾರೋ!

– ನೊಂದ ಓದುಗ, ಕುಂಬಳೆ