ನಾಗಸಾಕಿಯ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು

ಮಾನ್ಯ ಸಂಪಾದಕರೇ,

ಜಪಾನ್ ಮೇಲೆ ಅಣುಬಾಂಬ್ ಹಾಕಿದ್ದು ಸರಿಯೋ ತಪ್ಪೋ ಎಂದು ಈ ಅಂಕಣದಲ್ಲಿ ಓದುಗರು ಕೆಲವು ದಿನಗಳಿಂದ ವಾದಿಸುತ್ತಿದ್ದಾರೆ. ಎಲ್ಲ ಪತ್ರಗಳನ್ನೂ ಓದಿದೆ. ಮಾತೆಲ್ಲ ಹಿರೋಶಿಮಾ ಸುತ್ತಲೇ ನಡೆಯಿತು. ನಾಗಸಾಕಿಯನ್ನು ಅದರ ಬಾಲದ ಹಾಗೆ ಸೇರಿಸಿ ಮುಂದೆ ಹೋದರು. ನನ್ನ ತಕರಾರು ಇರುವುದೇ ಇಲ್ಲಿ.

ಬಾಂಬನ್ನು ಸಮರ್ಥಿಸುವವರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. 1945ರ ಬೇಸಿಗೆಯಲ್ಲಿ ಒಕಿನಾವಾ ದ್ವೀಪ ಹಿಡಿಯುವಷ್ಟರಲ್ಲಿ ಅಮೆರಿಕದ 12,000ಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಅಲ್ಲಿನ ಸಾಮಾನ್ಯ ಜನ ಅದಕ್ಕಿಂತ ಎಷ್ಟೋ ಜಾಸ್ತಿ ಸತ್ತರು. ನವೆಂಬರ್‌ನಲ್ಲಿ ಕ್ಯೂಶೂ ದ್ವೀಪಕ್ಕೆ ಸೈನ್ಯ ಇಳಿಸುವ ಯೋಜನೆ ಇತ್ತು. ಚೀನಾ, ಮಲಯಾ, ನಮ್ಮ ಅಂಡಮಾನ್‌ನಲ್ಲಿ ಜನ ಜಪಾನಿ ಸೈನ್ಯದ ಕೈಕೆಳಗೆ ನರಳುತ್ತಿದ್ದರು. ಯುದ್ಧ ಒಂದು ವಾರ ಮೊದಲೇ ಮುಗಿದರೂ ಎಷ್ಟೋ ಜೀವ ಉಳಿಯುತ್ತಿತ್ತು.

ಇದನ್ನೆಲ್ಲ ಒಪ್ಪಿಕೊಳ್ಳೋಣ. ಹಾಗಾದರೂ ಮೂರೇ ದಿನಕ್ಕೆ ಎರಡನೇ ಬಾಂಬ್ ಯಾಕೆ? ಅಮೆರಿಕದ ಹತ್ತಿರ ಇರುವುದು ಒಂದೇ ಬಾಂಬ್ ಎಂದು ಜಪಾನ್ ಅಂದುಕೊಳ್ಳದಿರಲಿ ಎಂದೇ ಹಾಕಿದರು ಎನ್ನುತ್ತಾರೆ. ಮೊದಲ ಬಾಂಬ್ ಏನೆಂದು ತಿಳಿದುಕೊಳ್ಳಲಿಕ್ಕಾದರೂ ಸಮಯ ಕೊಡಬೇಕಿತ್ತು, ಅಲ್ವಾ? ಟೋಕಿಯೊ ಕಳಿಸಿದ ಭೌತವಿಜ್ಞಾನಿ ಯೋಶಿಯೋ ನಿಶಿನಾ ಹಿರೋಶಿಮಾ ತಲುಪಿದ್ದೇ ಆಗಸ್ಟ್ 8ಕ್ಕೆ. ಇದು ಅಣುಬಾಂಬೇ ಎಂದು ಅವರು ಖಚಿತಪಡಿಸಿದ ಮಾರನೇ ದಿನವೇ ನಾಗಸಾಕಿ ಸುಟ್ಟಿತು. ಆ ಬೆಳಗ್ಗೆ ಸೋವಿಯತ್ ಸೈನ್ಯ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಟೋಕಿಯೊದಲ್ಲಿ ಯುದ್ಧ ಮಂಡಳಿಯ ಆರು ಜನ ಸಭೆ ಸೇರಿದ್ದರು. ಶರಣಾಗತಿಯ ಷರತ್ತುಗಳ ಮೇಲೆ ಮೂವರು ಒಂದು ಕಡೆ, ಮೂವರು ಇನ್ನೊಂದು ಕಡೆ. ನಾಗಸಾಕಿಯ ಸುದ್ದಿ ಬಂದ ಮೇಲೂ ಅವರು ಮೂರು-ಮೂರೇ ಇದ್ದರು. ಕೊನೆಗೆ ಆ ರಾತ್ರಿ ಚಕ್ರವರ್ತಿಯೇ ತೀರ್ಮಾನ ಹೇಳಬೇಕಾಯಿತು.

ಇನ್ನು ಆ ಬಾಂಬ್ ಬಿದ್ದ ರೀತಿ ನೋಡಿ. ಜುಲೈ 25ರ ಸೇನಾ ಆದೇಶದಲ್ಲಿ, ಮೊದಲ ಬಾಂಬಿನ ನಂತರದವನ್ನು ಸಿದ್ಧವಾದ ಹಾಗೆಲ್ಲ ಹಾಕುತ್ತಾ ಹೋಗಿ ಎಂದಿತ್ತು. ಶರಣಾಗಿ, ಇಲ್ಲವಾದರೆ ನಾಶ ಖಚಿತ ಎಂಬ ಪಾಟ್ಸ್‌ಡ್ಯಾಮ್ ಎಚ್ಚರಿಕೆಯನ್ನು ಜಪಾನಿಗೆ ಕೊಟ್ಟದ್ದು ಅದರ ಮಾರನೇ ದಿನ! ಎರಡನೆಯದಕ್ಕೆಂದು ಅಧ್ಯಕ್ಷ ಟ್ರೂಮನ್ ಬೇರೆ ಅಪ್ಪಣೆ ಕೊಡಲೇ ಇಲ್ಲ. ಆಗಸ್ಟ್ 11ಕ್ಕೆ ಇದ್ದದ್ದನ್ನು ಮಳೆ-ಮೋಡದ ಮುನ್ಸೂಚನೆ ನೋಡಿ 9ಕ್ಕೆ ತಂದರು. ಅವತ್ತು ಗುರಿ ಇದ್ದದ್ದು ಕೊಕುರಾ ಎಂಬ ಬೇರೆ ಊರು. ವಿಮಾನ ಅದರ ಮೇಲೆ ಮೂರು ಸಲ ಹಾದುಹೋಯಿತು. ಕೆಳಗೆ ಏನೂ ಸರಿಯಾಗಿ ಕಾಣಲಿಲ್ಲ. ಪಂಪ್ ಕೆಟ್ಟು ಒಂದು ಟ್ಯಾಂಕಿನ ಇಂಧನ ಬಳಸುವಂತಿರಲಿಲ್ಲ. ಹಾಗಾಗಿ ನಾಗಸಾಕಿಗೆ ತಿರುಗಿದರು. ಅಲ್ಲೂ ಮೋಡ. ಗುರಿ ಇಟ್ಟ ಜಾಗಕ್ಕಿಂತ ಸುಮಾರು 3 ಕಿಲೋಮೀಟರ್ ಆಚೆ, ಉರಾಕಾಮಿ ಕಣಿವೆಯ ಮೇಲೆ, 11 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿಯಿತು. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದ ಉರಾಕಾಮಿ ಚರ್ಚ್‌ನಲ್ಲಿ ಪಾಪನಿವೇದನೆಗೆ ಬಂದಿದ್ದವರು ಅಲ್ಲೇ ಸತ್ತರು. ವರ್ಷ ಕಳೆಯುವುದರೊಳಗೆ ನಾಗಸಾಕಿಯಲ್ಲಿ ಸತ್ತವರು ಸುಮಾರು 70,000.

ಜಪಾನ್ ಮಾಡಿದ್ದನ್ನು ಜಪಾನ್ ಉಂಡಿತು ಎಂದು ಒಬ್ಬ ಓದುಗರು ಬರೆದಿದ್ದಾರೆ. ಅದನ್ನು ಓದಿ ತುಂಬಾ ನೋವಾಯಿತು. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನ್ಯ ಮಾಡಿದ ಹತ್ಯಾಕಾಂಡಕ್ಕೆ ಉರಾಕಾಮಿಯ ಮಕ್ಕಳು ಹೊಣೆಯೇ? ಜಪಾನ್ ಬಲವಂತವಾಗಿ ದುಡಿಸಲು ತಂದಿದ್ದ ಕೊರಿಯನ್ನರೂ ಈ ಎರಡೂ ಊರುಗಳಲ್ಲಿ ಸಾವಿರಗಟ್ಟಲೆ ಸತ್ತರು. ಅವರು ಯಾರ ಪಾಪ ಉಂಡರು?

ಆಗಸ್ಟ್ 10ರಂದು ಟ್ರೂಮನ್, ತಮ್ಮ ಒಪ್ಪಿಗೆ ಇಲ್ಲದೆ ಇನ್ನು ಬಾಂಬ್ ಹಾಕಕೂಡದು ಎಂದು ತಡೆದರು. ಇನ್ನೂ ಒಂದು ಲಕ್ಷ ಜನರನ್ನು ಅಳಿಸಿಹಾಕುವ ಯೋಚನೆಯೇ ಭಯಂಕರ ಎಂದು ಅವರು ಹೇಳಿದ್ದನ್ನು ಸಂಪುಟದಲ್ಲಿದ್ದ ಹೆನ್ರಿ ವ್ಯಾಲೇಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆ ತಡೆ ಎರಡು ದಿನ ಮೊದಲು ಬಂದಿದ್ದರೆ ನಾಗಸಾಕಿ ಉಳಿಯುತ್ತಿತ್ತು. ಹಿರೋಶಿಮಾ ಬಗ್ಗೆ ಪ್ರಾಮಾಣಿಕರಲ್ಲೂ ಭಿನ್ನಾಭಿಪ್ರಾಯ ಇರಬಹುದು. ನಾಗಸಾಕಿಗೆ ಮಾತ್ರ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಪ್ರತಿ ವರ್ಷ ಆಗಸ್ಟ್ 6ಕ್ಕೆ ನೀವು ಲೇಖನ ಹಾಕುತ್ತೀರಿ. ಮುಂದಿನ ವರ್ಷದಿಂದ 9ನೇ ತಾರೀಕಿಗೂ ಒಂದು ಬರಲಿ. ನಾಗಸಾಕಿಯ ಬಗ್ಗೆಯೇ ಬರಲಿ.

ಇಂತಿ,
ಇತಿಹಾಸ ಕಲಿಸುವ ಒಬ್ಬ ಓದುಗ, ಶಿವಮೊಗ್ಗ