ಗೆಳೆಯನಿಗೊಂದು ಪತ್ರ: ನೀಲಿ ಗೆರೆಯ ಮೇಲೆ ಕೊಕ್ಕರೆಗಳು

ದಕ್ಷಿಣ ಲೆಬನಾನ್
ಅಕ್ಟೋಬರ್ 2018

ಪ್ರೀತಿಯ ಗೆಳೆಯ,

ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೇಗಿದ್ದೀಯ, ಅಲ್ಲಿ ಹಕ್ಕಿ ನೋಡೋಕೆ ಬಿಡ್ತಾರಾ ಅಂತ ಕೇಳಿದ್ದೆ. ಚೆನ್ನಾಗಿದ್ದೇನೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಬಿಡುತ್ತಾರೆ. ಆದರೆ ನೀನು ನೋಡುವ ಹಾಗೆ ಅಲ್ಲ. ಹಕ್ಕಿಯ ಹಿಂದೆ ಪೊದೆಯೊಳಗೆ ನುಗ್ಗುವಂತಿಲ್ಲ. ಟಾರು ರಸ್ತೆ ಬಿಟ್ಟು ಕಾಲಿಡುವಂತೆಯೇ ಇಲ್ಲ. ಇಸ್ರೇಲ್ ಜೊತೆಗಿನ 2006ರ ಯುದ್ಧದಲ್ಲಿ ಬಿದ್ದ ಕ್ಲಸ್ಟರ್ ಬಾಂಬುಗಳ ಮರಿಬಾಂಬುಗಳು ಇನ್ನೂ ಸಿಡಿಯದೆ ಅಲ್ಲಲ್ಲಿ ಮಣ್ಣಿನಲ್ಲಿ ಉಳಿದಿವೆ. ಇಸ್ರೇಲ್ ಕಡೆಗಿರುವ ಗೆರೆಯ ಪಕ್ಕದಲ್ಲಿ ನೆಲಬಾಂಬು ಬೇರೆ. ಒಬ್ಬನೇ ಹೊರಗೆ ಹೋಗುವ ಮಾತಿಲ್ಲ. ಇನ್ನು ಕ್ಯಾಮೆರಾ ಬಗ್ಗೆ ಕೇಳಲೇಬೇಡ. ಅದಕ್ಕೇ ಈ ಪತ್ರದ ಜೊತೆ ಒಂದೂ ಫೋಟೊ ಇಲ್ಲ. ಹೇಳಿದ್ದನ್ನು ನಂಬಿಕೊಂಡು ಓದು.

ಹಾಗಾಗಿ ನನ್ನ ಹಕ್ಕಿ ನೋಡುವ ಜಾಗ ಅಂದರೆ ಪೋಸ್ಟಿನ ಛಾವಣಿ. ಡ್ಯೂಟಿ ಮುಗಿದ ಮೇಲೆ, ಮರಳಿನ ಮೂಟೆಗಳ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಪೂರ್ವಕ್ಕೆ ಹೆರ್ಮೋನ್ ಬೆಟ್ಟ. 2,814 ಮೀಟರ್ ಎತ್ತರ. ಚಳಿಗಾಲದಲ್ಲಿ ಅದರ ತಲೆ ತುಂಬ ಹಿಮ ಇರುತ್ತದಂತೆ, ಈಗ ಬರೀ ಬೂದು ಕಲ್ಲು. ಕೆಳಗೆ ಹಸ್ಬಾನಿ ನದಿ ದಕ್ಷಿಣಕ್ಕೆ ಇಳಿದು, ಗೆರೆ ದಾಟಿ, ಮುಂದೆ ಜೋರ್ಡಾನ್ ನದಿ ಸೇರುತ್ತದೆ. ನಮ್ಮ ದೇಶದ ಬೆಟಾಲಿಯನ್ 1998ರಿಂದ ಈ ಮೂಲೆಯಲ್ಲಿದೆ. ತಂಡ ಬದಲಾಗುತ್ತಾ ಇರುತ್ತದೆ, ಮೂಲೆ ಅದೇ.

ಗೆರೆ ಗೆರೆ ಅಂತಿದ್ದೀನಲ್ಲ, ಅದು ಸರಿಯಾಗಿ ಹೇಳಿದರೆ ಗಡಿಯೂ ಅಲ್ಲ. ಇಸ್ರೇಲ್ ಸೇನೆ ಲೆಬನಾನ್‌ನಿಂದ ಪೂರ್ತಿ ಹಿಂದೆ ಸರಿದಿದೆಯಾ ಅಂತ ಖಾತ್ರಿ ಮಾಡಿಕೊಳ್ಳಲು 2000ದಲ್ಲಿ ವಿಶ್ವಸಂಸ್ಥೆ ಗುರುತಿಸಿದ್ದು. ಬ್ಲೂ ಲೈನ್. ಸುಮಾರು 120 ಕಿ.ಮೀ. ಉದ್ದ. ಅಲ್ಲಲ್ಲಿ ನೀಲಿ ಬಣ್ಣ ಬಳಿದ ಪೀಪಾಯಿ ನಿಲ್ಲಿಸಿದ್ದಾರೆ. ಯಾರಾದರೂ ದಾಟಿದರೆ ನಾವು ಬರೆದುಕೊಳ್ಳಬೇಕು, ವರದಿ ಮಾಡಬೇಕು. ಕುರಿ ದಾಟಿದರೂ ಅದರ ಹಿಂದೆ ಕುರುಬ ಹೋದನಾ ಅಂತ ನೋಡಬೇಕು.

ಇಲ್ಲಿ ದುರ್ಬೀನು ಅನ್ನೋದು ಸುಮ್ನೆ ಹಿಡಿಯುವ ವಸ್ತುವಲ್ಲ. ನಾನು ಎತ್ತಿದರೆ ಆಚೆಯ ಗೋಪುರದಲ್ಲಿ ಇನ್ಯಾರೋ ನನ್ನ ಕಡೆಗೇ ಎತ್ತುತ್ತಾರೆ. ಅದಕ್ಕೇ ನಾನು ಕತ್ತು ಪೂರ್ತಿ ಮೇಲೆ ಮಾಡಿ ನೋಡುತ್ತೇನೆ. ಆಕಾಶ ನೋಡುವವನ ಮೇಲೆ ಯಾರಿಗೂ ಅನುಮಾನ ಬರಬಾರದು ಅಲ್ವಾ? ಬರುತ್ತದೆ ಕಣೋ. ಇಲ್ಲಿ ಹಕ್ಕಿಯ ಮೇಲೇ ಬಂದಿತ್ತು. 2016ರ ಜನವರಿಯಲ್ಲಿ ಇಲ್ಲಿನ ಬಿಂತ್ ಜ್ಬೇಲ್ ಊರಿನ ಹತ್ತಿರ ಜನ ಒಂದು ರಣಹದ್ದು ಹಿಡಿದರು. ಕಾಲಿಗೆ ಉಂಗುರ, ರೆಕ್ಕೆಗೆ ಗುರುತಿನ ಪಟ್ಟಿ, ಬೆನ್ನ ಮೇಲೆ ಜಿಪಿಎಸ್. ಟೆಲ್ ಅವೀವ್ ವಿಶ್ವವಿದ್ಯಾಲಯದವರು ಅಧ್ಯಯನಕ್ಕೆ ಕಟ್ಟಿದ್ದು. ಗೂಢಚಾರ ಅಂತ ಗುಲ್ಲಾಯಿತು. ಆ ಹಕ್ಕಿ ಮೂಲದಲ್ಲಿ ಸ್ಪೇನಿನದು. ರಣಹದ್ದುಗಳ ಸಂಖ್ಯೆ ಹೆಚ್ಚಿಸಲು ಅಲ್ಲಿಂದ ತಂದು ಗೋಲನ್ ಪ್ರಸ್ಥಭೂಮಿಯ ಗಾಮ್ಲಾ ಅನ್ನುವ ಕಡೆ ಬಿಟ್ಟಿದ್ದರು. ಕೊನೆಗೆ ವಿಶ್ವಸಂಸ್ಥೆಯವರು ನಡುವೆ ಬಂದು ಅದನ್ನು ವಾಪಸ್ ಮಾಡಿಸಿದರು. ಶಾಂತಿಪಡೆಯ ಕೆಲಸಗಳಲ್ಲಿ ರಣಹದ್ದು ಹಸ್ತಾಂತರವೂ ಒಂದು ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಈಗ ವಲಸೆ ಹೋಗುವ ಕೊಕ್ಕರೆಗಳ ವಿಷಯ. ನಾನು ಬರೆಯಬೇಕು ಅಂದುಕೊಂಡಿದ್ದು ಇದನ್ನೇ.

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಗಳು. ಬೆಳಗ್ಗೆ ಒಂಬತ್ತರವರೆಗೆ ಆಕಾಶದಲ್ಲಿ ಏನೂ ಇರುವುದಿಲ್ಲ. ನೆಲ ಕಾಯುವುದನ್ನೇ ಅವು ಕಾಯುತ್ತಿರುತ್ತವೆ. ನೆಲ ಬಿಸಿಯಾಗಿ ಗಾಳಿ ಮೇಲೇಳಲು ಶುರುವಾದ ತಕ್ಷಣ ಕಣಿವೆಯಿಂದ ಒಂದೊಂದೇ ಬಿಳಿ ಕೊಕ್ಕರೆ (ವೈಟ್ ಸ್ಟಾರ್ಕ್) ಎದ್ದು ಸುತ್ತತೊಡಗುತ್ತದೆ. ರೆಕ್ಕೆ ಬಡಿಯುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ಮೇಲೇರುತ್ತವೆ. ಹತ್ತಾಗುತ್ತವೆ, ನೂರಾಗುತ್ತವೆ, ಆಮೇಲೆ ಎಣಿಸುವುದು ಬಿಡಬೇಕು. ತುದಿ ಮುಟ್ಟಿದ ಮೇಲೆ ಎಲ್ಲವೂ ದಕ್ಷಿಣಕ್ಕೆ ಮುಖ ಮಾಡಿ ಜಾರುತ್ತವೆ, ಮುಂದಿನ ಬಿಸಿಗಾಳಿ ಸಿಗುವವರೆಗೆ. ಅಲ್ಲಿ ಮತ್ತೆ ಸುತ್ತು. ನೀಲಿ ಪೀಪಾಯಿಗಳ ಮೇಲೆ ಈ ಸುತ್ತು ನಡೆಯುವಾಗ ಅರ್ಧ ಚಕ್ರ ಲೆಬನಾನ್‌ನಲ್ಲಿ, ಅರ್ಧ ಚಕ್ರ ಆಚೆ. ಇದಕ್ಕೆ ವರದಿ ಬರೆಯುವ ನಮೂನೆ ನಮ್ಮಲ್ಲಿಲ್ಲ, ಸದ್ಯ.

ಇಷ್ಟು ಹೇಳಿದ ಮೇಲೆ ಹಕ್ಕಿಗಳಿಗೆ ಗಡಿಯೇ ಇಲ್ಲ ನೋಡು ಅಂತ ನಾನು ಬರೆಯುತ್ತೇನೆ ಅಂದುಕೊಂಡಿರುತ್ತೀಯ. ಬರೆಯಲ್ಲ. ಇಲ್ಲಿ ಕೂತು ನೋಡಿದರೆ ಆ ಮಾತು ಸುಳ್ಳು ಅನ್ನಿಸುತ್ತದೆ. ಕೊಕ್ಕರೆಗೆ ಭಾರಿ ಕಟ್ಟುಪಾಡು ಇದೆ. ಸಮುದ್ರದ ಮೇಲೆ ಈ ಥರ ಬಿಸಿಗಾಳಿ ಏಳುವುದಿಲ್ಲ. ಅಷ್ಟು ತೂಕದ ಹಕ್ಕಿ ಯುರೋಪಿನಿಂದ ಆಫ್ರಿಕಾಕ್ಕೆ ರೆಕ್ಕೆ ಬಡಿದೇ ಹೋಗುತ್ತೇನೆ ಅಂದರೆ ಶಕ್ತಿ ಸಾಲುವುದಿಲ್ಲ. ಹಾಗಾಗಿ ಮೆಡಿಟರೇನಿಯನ್ ಸಮುದ್ರವನ್ನು ಸುತ್ತಿಕೊಂಡೇ ಹೋಗಬೇಕು. ಪಶ್ಚಿಮದ ಗುಂಪು ಜಿಬ್ರಾಲ್ಟರ್ ಕಡೆ ಹೋಗುತ್ತದೆ, ಅಲ್ಲಿ ನೀರಿನ ಅಗಲ ಬರೀ 14 ಕಿ.ಮೀ. ಪೂರ್ವದ ಗುಂಪು ಬಾಸ್ಫರಸ್ ದಾಟಿ, ಟರ್ಕಿ ಹಾದು, ಇಸ್ಕೆಂದರೂನ್ ಕೊಲ್ಲಿಯ ಹತ್ತಿರ ತಿರುಗಿ, ಸಿರಿಯಾ, ಲೆಬನಾನ್, ಜೋರ್ಡಾನ್ ಕಣಿವೆ, ಸಿನಾಯ್ ಹಿಡಿದು ಆಫ್ರಿಕಾ ಸೇರುತ್ತದೆ. ಪೂರ್ವದ್ದೇ ದೊಡ್ಡ ಗುಂಪು, ಲಕ್ಷಗಟ್ಟಲೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರುಭೂಮಿ, ನಡುವೆ ಈ ಇಕ್ಕಟ್ಟು ಪಟ್ಟಿ. ನಾವು ಎಳೆದ ಗೆರೆ ಅದಕ್ಕೆ ಅಡ್ಡವಿದೆ. ಅವುಗಳ ಗೆರೆ ಉದ್ದಕ್ಕಿದೆ. ಅದನ್ನು ಬಿಟ್ಟು ಆಚೀಚೆ ಹೋಗುವ ಸ್ವಾತಂತ್ರ್ಯ ಅವಕ್ಕಿಲ್ಲ.

ಹದ್ದು ಗಿಡುಗಗಳ ಕಥೆಯೂ ಇದೇ. ಸೆಪ್ಟೆಂಬರ್ ಶುರುವಿನಲ್ಲಿ ಜೇನುಗಿಡುಗ. ಆ ತಿಂಗಳ ಕೊನೆಗೆ ಸಣ್ಣ ಚುಕ್ಕೆ ಹದ್ದು. ಜಗತ್ತಿನಲ್ಲಿರುವ ಸಣ್ಣ ಚುಕ್ಕೆ ಹದ್ದುಗಳು ಹೆಚ್ಚುಕಡಿಮೆ ಎಲ್ಲವೂ ಪೂರ್ವ ಮೆಡಿಟರೇನಿಯನ್‌ನ ಈ ದಾರಿಯಲ್ಲೇ ಹೋಗುತ್ತವೆ. ಒಂದು ಜಾತಿಗೆ ಜಾತಿಯೇ ತಲೆಯ ಮೇಲೆ ಹಾದುಹೋಗುವುದು ಅಂದರೆ ಏನು ಅಂತ ಯೋಚಿಸು. ಆಚೆಯ ವಾಯುಪಡೆಯವರಿಗೂ ಈ ದಾರಿಯ ಲೆಕ್ಕ ಗೊತ್ತು. ಹಕ್ಕಿ ಡಿಕ್ಕಿಯಿಂದ ವಿಮಾನಗಳನ್ನೇ ಕಳೆದುಕೊಂಡ ಮೇಲೆ, 1980ರ ದಶಕದಿಂದ ವಲಸೆ ಕಾಲದಲ್ಲಿ ಹಕ್ಕಿಗಳ ಎತ್ತರ, ಹಾದಿ ನೋಡಿಕೊಂಡು ಹಾರಾಟ ಹೊಂದಿಸುತ್ತಾರೆ. ಹತ್ತು ಕಿಲೋ ತೂಗುವ ಹೆಜ್ಜಾರ್ಲೆ (ಪೆಲಿಕನ್) ಎದುರು ಸಿಕ್ಕರೆ ಫೈಟರ್ ವಿಮಾನದ ಗತಿ ಏನಾಗಬೇಡ!

ದಾರಿ ಇಷ್ಟು ಖಚಿತವಾಗಿದ್ದರೆ ಕಾಯುವವರು ಇದ್ದೇ ಇರುತ್ತಾರೆ.

ಇಲ್ಲಿಗೆ ಬಂದ ಹೊಸದರಲ್ಲಿ ಗುಂಡಿನ ಸದ್ದು ಕೇಳಿದರೆ ಎಲ್ಲರೂ ಒಮ್ಮೆಗೇ ಎದ್ದು ನಿಲ್ಲುತ್ತಿದ್ದೆವು. ಈಗ ಕಿವಿಗೆ ಅಭ್ಯಾಸವಾಗಿದೆ. ರೈಫಲ್ಲಿನ ಸದ್ದು ಬೇರೆ. ಬೇಟೆ ಬಂದೂಕಿನದು ದಪ್ಪ ಸದ್ದು, ಹೆಚ್ಚಾಗಿ ಜೋಡಿ. ಢಂ, ಢಂ. ಬೆಳಗಿನ ಜಾವ, ಸಂಜೆ. ಗಸ್ತು ಹೋಗುವಾಗ ರಸ್ತೆ ಬದಿಯಲ್ಲಿ ಖಾಲಿ ತೋಟಾಗಳ ಪ್ಲಾಸ್ಟಿಕ್ ಕೊಳವೆ, ಕೆಂಪು, ನೀಲಿ, ಹಸಿರು. ಲೆಬನಾನ್‌ನಲ್ಲಿ 1995ರಿಂದ ಬೇಟೆ ನಿಷೇಧ ಇತ್ತು. ನಿಷೇಧ ಕಾಗದದ ಮೇಲೆ, ಬೇಟೆ ಬೆಟ್ಟದ ಮೇಲೆ. 2004ರಲ್ಲಿ ಹೊಸ ಕಾನೂನು ಮಾಡಿದರು. ಹೋದ ವರ್ಷ, 2017ರಲ್ಲಿ, ಲೈಸೆನ್ಸ್ ಕೊಟ್ಟು ಕೆಲವೇ ಜಾತಿಗಳಿಗೆ ಬೇಟೆ ಕಾಲ ತೆರೆದರು. ಕೊಕ್ಕರೆ, ಹದ್ದು, ಹೆಜ್ಜಾರ್ಲೆ ಹೊಡೆಯುವಂತಿಲ್ಲ. ಆದರೂ ಹೊಡೆಯುತ್ತಾರೆ. ತಿನ್ನಲಿಕ್ಕೂ ಅಲ್ಲ. ಸತ್ತ ಕೊಕ್ಕರೆಗಳನ್ನು ಕಾರಿನ ಬಾನೆಟ್ ಮೇಲೆ ಸಾಲಾಗಿ ಹರಡಿ ಫೋಟೊ ತೆಗೆದು ಹಾಕುತ್ತಾರೆ. ನೀನು ಆ ಫೋಟೊಗಳನ್ನು ಹುಡುಕಿ ನೋಡಬೇಡ.

ನಾವೇನು ಮಾಡಬಹುದು ಅಂತ ಕೇಳುತ್ತೀಯ. ಲಿಟಾನಿ ನದಿಯಿಂದ ಗೆರೆಯವರೆಗೆ ಸರ್ಕಾರದ ಮತ್ತು ನಮ್ಮ ಆಯುಧ ಬಿಟ್ಟರೆ ಬೇರೆ ಆಯುಧ ಇರಬಾರದು ಅಂತ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 2006ರ 1701ನೇ ನಿರ್ಣಯ ಹೇಳುತ್ತದೆ. ಬೇಟೆ ಬಂದೂಕು ಹಿಡಿದವರು ಕಂಡರೆ ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಜನ ಅಂತ ಬರೆದುಕೊಳ್ಳುತ್ತೇವೆ. ಹಿಡಿಯುವುದು ಅಲ್ಲಿನ ಸೇನೆ, ಪೊಲೀಸರ ಕೆಲಸ. ಆ ವರದಿಯಲ್ಲಿ ಹಕ್ಕಿಗೆ ಕಾಲಂ ಇಲ್ಲ. ನನ್ನ ಸ್ವಂತ ಡೈರಿಯಲ್ಲಿದೆ.

ಬೇಟೆಗಾರರೆಲ್ಲ ರಾಕ್ಷಸರು ಅಂತ ಬರೆದುಬಿಟ್ಟರೆ ಸುಲಭ. ಆದರೆ ಇಲ್ಲಿ ನನಗೆ ಹಕ್ಕಿ ಕಲಿಸುತ್ತಿರುವವರೇ ಒಬ್ಬ ಮಾಜಿ ಬೇಟೆಗಾರ. ನಮ್ಮ ಜೊತೆ ಕೆಲಸ ಮಾಡುವ ಸ್ಥಳೀಯ ದುಭಾಷಿ, ಐವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದೂಕು ಹೊತ್ತು ಓಡಾಡಿದವರು. ಕಣ್ಣು ಮುಚ್ಚಿಕೊಂಡು ಬರೀ ಕೂಗಿನ ಮೇಲೆ ಹಕ್ಕಿ ಹೇಳುತ್ತಾರೆ. ಯಾಕೆ ಬಿಟ್ಟಿರಿ ಅಂತ ಕೇಳಿದೆ. "ಯುದ್ಧ ಮುಗಿದ ಮೇಲೆ ಆ ಸದ್ದು ಬೇಡ ಅನ್ನಿಸಿತು" ಅಂದರು. ಹಕ್ಕಿಯ ಮೇಲಿನ ಕರುಣೆಯಿಂದ ಅಂತ ಹೇಳಲಿಲ್ಲ. ಅದಕ್ಕೇ ನಂಬಿದೆ.

ಅವರೇ ತೋರಿಸಿದ್ದು, ಬೆಳಗಿನ ಹೊತ್ತು ಗೆರೆಯ ಬದಿಯ ನೆಲಬಾಂಬಿನ ಪಟ್ಟಿಯಿಂದ ಕೇಳುವ ಚಕೋರದ ಕೂಗು. ಕವಿಗಳು ಬೆಳದಿಂಗಳು ಕುಡಿಸಿ ಸಾಕಿದ ಹಕ್ಕಿ. ಇಲ್ಲಿ ಅದು ಬೇಟೆಗಾರರ ಅಚ್ಚುಮೆಚ್ಚು. ಮನುಷ್ಯ ಕಾಲಿಡದ ಜಾಗ ಅಂದರೆ ಆ ಪಟ್ಟಿಯೊಂದೇ. ಅಲ್ಲಿ ಅದು ಮುಳ್ಳುಪೊದೆಗಳ ನಡುವೆ ಕೋಳಿಯ ಹಾಗೆ ಆರಾಮಾಗಿ ಕೆದಕಿಕೊಂಡು ಓಡಾಡುತ್ತದೆ.

ಇನ್ನು ಸಣ್ಣ ಪುಟ್ಟವು: ಕಣ್ಣ ಸುತ್ತ ಬಿಳಿ ಉಂಗುರದ ಪಿಕಳಾರ ಛಾವಣಿಗೇ ಬರುತ್ತದೆ, ಜಗಳಗಂಟಿ. ಇಲ್ಲಿನ ಸೂರಕ್ಕಿ ಬಿಸಿಲಿಗೆ ತಿರುಗಿದಾಗ ಮಾತ್ರ ಹೊಳೆಯುತ್ತದೆ, ನೆರಳಲ್ಲಿ ಬರೀ ಕಪ್ಪು. ಚಂದ್ರಮುಕುಟ, ನೀಲಕಂಠ, ಜೇನುಹಿಡುಕ ಎಲ್ಲ ಬಂದು ಹೋದವು. ಎಬೆಲ್ ಎಸ್-ಸಾಕಿ ಊರಿನ ಪೈನ್ ತೋಪು ಹಕ್ಕಿಗಳ ಮುಖ್ಯ ತಾಣಗಳ ಪಟ್ಟಿಯಲ್ಲಿದೆ. ಆ ರಸ್ತೆಯಲ್ಲಿ ಗಾಡಿ ನಿಧಾನವಾದರೆ ಸಾಕು, ಹಿಂದೆ ಕೂತ ಹುಡುಗರು "ಸಾಹೇಬ್, ಹಕ್ಕಿ" ಅಂತ ಮೊದಲೇ ಹೇಳುತ್ತಾರೆ. ಮೊದಲು ನಗುತ್ತಿದ್ದರು. ಈಗ ಸಂತ್ರಿ ಡ್ಯೂಟಿಯಲ್ಲಿ ಇರುವವನೇ ನನಗೆ ಬಂದು ಹೇಳುತ್ತಾನೆ, ಇಷ್ಟು ಗಂಟೆಗೆ, ಇಂಥ ದಿಕ್ಕಿನಲ್ಲಿ, ದೊಡ್ಡದು ಒಂದು, ಬಾಲ ಹೀಗೆ. ವರದಿ ಬರೆಯುವ ಭಾಷೆಯಲ್ಲೇ ಹೇಳುತ್ತಾನೆ, ಅದೇ ಚೆಂದ.

ಮುಂದಿನ ತಿಂಗಳು ಕ್ರೌಂಚಗಳು ಜಾಸ್ತಿಯಾಗುತ್ತವಂತೆ. ಆಚೆ ಹುಲಾ ಕಣಿವೆಯಲ್ಲಿ ಅವು ಸಾವಿರಾರು ಸಂಖ್ಯೆಯಲ್ಲಿ ಚಳಿಗಾಲ ಕಳೆಯುತ್ತವೆ. ಅಲ್ಲಿದ್ದ ಜೌಗನ್ನು 1950ರ ದಶಕದಲ್ಲಿ ಬಸಿದು ಹೊಲ ಮಾಡಿದ್ದರು. ಮಣ್ಣು ಕೆಟ್ಟಿತು, ತೊಂದರೆಯಾಯಿತು, 1990ರ ದಶಕದಲ್ಲಿ ಒಂದು ಭಾಗಕ್ಕೆ ಮತ್ತೆ ನೀರು ಬಿಟ್ಟರು. ಅಲ್ಲಿಗೆ ಹೋಗಿ ನೋಡುವ ಯೋಗ ನನಗಿಲ್ಲ. ಮೇಲೆ ಹಾದುಹೋಗುವಾಗ ಕೂಗು ಕೇಳಿಸಿದರೆ ಅಷ್ಟೇ ಲಾಭ.

ಈಗ ನಿನಗೆ ಕೆಲಸ. ಮೊನ್ನೆ ಮಧ್ಯಾಹ್ನ ಒಂದು ಹದ್ದು ಒಂಟಿಯಾಗಿ, ತುಂಬ ಕೆಳಗೆ ಬಂತು. ಕಂದು. ರೆಕ್ಕೆಯ ತುದಿಯ ಗರಿಗಳು ಉದ್ದ, ಬೆರಳಿನಂತೆ ಬಿಡಿಬಿಡಿ. ರೆಕ್ಕೆಯ ಮುಂಭಾಗ ಹಿಂಭಾಗಕ್ಕಿಂತ ತಿಳಿ ಬಣ್ಣ. ಚುಕ್ಕೆ ಹದ್ದು ಅಂತಲೇ ಬರೆದುಕೊಂಡೆ. ದುಭಾಷಿ ಒಪ್ಪುತ್ತಿಲ್ಲ. ಗಾತ್ರ ದೊಡ್ಡದು, ಬಾಯಿಯ ಹಳದಿ ಗೆರೆ ಕಣ್ಣಿನ ಹಿಂದಿನವರೆಗೂ ಇತ್ತು, ಅದು ಸ್ಟೆಪ್ಪಿ ಹದ್ದು ಅನ್ನುತ್ತಾರೆ. ಆ ಹಳದಿ ನನಗೆ ಕಾಣಲಿಲ್ಲ, ಅವರ ಕಣ್ಣು ನನ್ನದಕ್ಕಿಂತ ಚುರುಕು. ನಿನ್ನ ಪುಸ್ತಕದಲ್ಲಿ ಎರಡರ ಚಿತ್ರವನ್ನೂ ನೋಡಿ, ಕೆಳಗಿನಿಂದ ನೋಡಿದಾಗ ಬೇರೆ ಗುರುತು ಏನಿದೆ ಅಂತ ಬರೆ. ಅಲ್ಲಿಯವರೆಗೆ ಡೈರಿಯಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿರುತ್ತೇನೆ. ಬೇಗ ಬರೆ, ಅವರಿಗೂ ನನಗೂ ಪಂದ್ಯ ಬಿದ್ದಿದೆ.

ನಿನ್ನ,
ಛಾವಣಿಯ ಗೆಳೆಯ